ಉಸಿರುಬಿಲ್ಲೆ

ಹಿರೇಕರಡಿ ಗಣಿಯಲ್ಲಿ ಸತ್ತವರೂ ಉಸಿರು ಬಿಡುತ್ತಾರೆ ಎಂದು ಊರವರು ಹೇಳುತ್ತಾರೆ. ಇದನ್ನು ಕೇಳಿ ನಗುವವರು ಒಂದು ಸಲ ಗಾಳಿಮನೆಗೆ ಬಂದು ಶಿವಲೀಲಾಳ ಪಕ್ಕದಲ್ಲಿ ಕೂರಬೇಕು. ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ದೆವ್ವ ಭೂತ ಎಂದರೆ ಮೂಗು ಮುರಿಯುತ್ತಿದ್ದವಳು. ಈಗ ಅವಳೂ ನಗುವುದಿಲ್ಲ.

ಗಾಳಿಮನೆ ಎಂದರೆ ಗಣಿಯ ಬಾಯಿಯ ಪಕ್ಕದ ತಗಡಿನ ಕಟ್ಟಡ. ಅಲ್ಲಿನ ದೊಡ್ಡ ಫ್ಯಾನು ನೆಲದೊಳಗಿನ ಗಾಳಿಯನ್ನು ಬಿಡುವಿಲ್ಲದೆ ಮೇಲಕ್ಕೆ ಎಳೆಯುತ್ತದೆ. ಹಿಂದಿನವರ ಕಾಲದಲ್ಲಿ ಗಣಿಗೆ ಇಳಿಯುವವನು ಸೊಂಟಕ್ಕೆ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡು ಹೋಗುತ್ತಿದ್ದ. ಸಂಜೆ ಯಾರ ಬಿಲ್ಲೆ ಮೊಳೆಗೆ ಮರಳಲಿಲ್ಲವೋ ಅವನನ್ನು ಹುಡುಕಲು ಜನ ಇಳಿಯುತ್ತಿದ್ದರು. ಆ ಬಿಲ್ಲೆಯ ಸುತ್ತ ನೂರೆಂಟು ನಂಬಿಕೆಗಳಿದ್ದವು. ಕೆಳಗೆ ಬಿದ್ದದ್ದನ್ನು ಎಡಗೈಯಲ್ಲಿ ಎತ್ತಬಾರದು, ಜೋಡಿಯಾಗಿ ದುಡಿಯುವವರು ಕೆಲವು ಗಳಿಗೆಗಳಲ್ಲಿ ಒಬ್ಬರದನ್ನೊಬ್ಬರು ಕಟ್ಟಿಕೊಳ್ಳಬೇಕು, ಅಮಾವಾಸ್ಯೆಗೆ ಹುಣಸೆಹಣ್ಣು ಹಾಕಿ ತೊಳೆಯಬೇಕು, ಹೀಗೆ. ಮೇಸ್ತ್ರಿಗಳು ಬೈದು ಬೈದು ಸೋತಿದ್ದರು.

ಉಸಿರುಬಿಲ್ಲೆ ಬಂದ ಮೇಲೆ ಹಿತ್ತಾಳೆ ಮೂಲೆ ಸೇರಿತು. ಇದು ಅಂಗಿಯ ಗುಂಡಿಗಿಂತ ತುಸು ದಪ್ಪ, ಬೆಲ್ಟಿಗೆ ಕಚ್ಚಿಕೊಂಡಿರುತ್ತದೆ. ಒಳಗೆ ಬೇಗ ಆವಿಯಾಗುವ ದ್ರವ. ಪ್ಲಾಸ್ಟಿಕ್ ಮುಚ್ಚಳದ ಮೂಲಕ ಅದು ವರ್ಷಗಟ್ಟಲೆ ಒಂದೇ ಸಮನೆ ಜಿನುಗುತ್ತದೆ. ಮೂಗಿಗೆ ತಿಳಿಯದು, ಮೈಗೆ ಕೇಡಿಲ್ಲ. ಒಬ್ಬೊಬ್ಬನದು ಒಂದೊಂದು ಬಗೆಯ ಅನಿಲ. ಶಿವಲೀಲಾಳ ಗಂಡ ಅಮರೇಶನಿಗೆ ಕೊಟ್ಟ ಅಣುವಿನಲ್ಲಿ ಮೂರು ಫ್ಲೋರಿನ್, ಒಂದು ಕ್ಲೋರಿನ್, ಒಂದು ಬ್ರೋಮಿನ್. ಅವನ ಜೋಡಿ ದುರುಗಪ್ಪನದರಲ್ಲಿ ಕ್ಲೋರಿನ್ ಇಲ್ಲ, ಬ್ರೋಮಿನ್ ಎರಡು. ಯಾವ ಅನಿಲ ಯಾವ ಸುರಂಗದಿಂದ ಬಂತೆಂದು ನೋಡಿದರೆ ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತದೆ.

ಗೊತ್ತು ಮಾಡಿಕೊಳ್ಳುವ ವಿಧಾನ ಮಾತ್ರ ಕ್ರೂರವಾದದ್ದು. ಯಂತ್ರದೊಳಗೆ ಕಾದು ಕೆಂಪಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಎಪ್ಪತ್ತು ವೋಲ್ಟ್ ಅವನ್ನು ಅಣುಗಳ ಮೇಲೆ ದೂಡುತ್ತದೆ. ಡಿಕ್ಕಿ ಹೊಡೆದ ಎಲೆಕ್ಟ್ರಾನು ಅಣುವಿನೊಳಗಿನ ಇನ್ನೊಂದು ಎಲೆಕ್ಟ್ರಾನನ್ನು ಹೊರಗಟ್ಟುತ್ತದೆ. ಒಂದನ್ನು ಕಳೆದುಕೊಂಡ ಅಣುವಿಗೆ ಮೊದಲಿನಂತೆ ಕೂಡಿಕೊಂಡಿರಲು ಆಗುವುದಿಲ್ಲ, ಬಹುಪಾಲು ಅಣುಗಳು ಅಲ್ಲೇ ಚೂರಾಗುತ್ತವೆ. ಆ ಚೂರುಗಳು ತೂಕದ ಪ್ರಕಾರ ಪರದೆಯ ಮೇಲೆ ಗೆರೆಗಳಾಗಿ ನಿಲ್ಲುತ್ತವೆ. ಯಾವ ಅಣುವೂ ಮನಬಂದಂತೆ ಒಡೆಯುವುದಿಲ್ಲ, ಒಂದೊಂದು ಒಡೆಯುವ ರೀತಿಯೂ ಬೇರೆ. ಅದೇ ಗುರುತು.

“ಅಲ್ಲ ಲೀಲಾ, ಇಡೀ ಇದ್ದಾಗ ಗುರ್ತ ಹಿಡಿಯಂಗಿಲ್ಲ, ಒಡೆದ ಮ್ಯಾಲ ಹಿಡಿತೀರಿ. ಇದೆಂಥಾ ನಿಮ್ಮ ಸೈನ್ಸು?” ಎಂದು ಮದುವೆಯ ಹೊಸದರಲ್ಲಿ ಅಮರೇಶ ಕೇಳಿದ್ದ.

“ಇಡೀನೂ ನೋಡಬೌದ್ರಿ. ವೋಲ್ಟ್ ಹನ್ನೆರಡು ಹದಿಮೂರಕ್ಕ ಇಳಿಸಿದ್ರ ಮೆಲ್ಲಕ ತಟ್ಟಿದಂಗ ಆಗ್ತೈತಿ, ಒಡೆಯಂಗಿಲ್ಲ. ಆದ್ರ ಗೆರಿ ಭಾಳ ಸಣ್ಣಾಗಿ ಬರ್ತಾವ. ಕಾಕೋತ ಕುಂದರಬೇಕು. ಅಷ್ಟು ತಾಳ್ಮಿ ಕಂಪನಿಗೆ ಎಲ್ಲೈತಿ?”

“ಹಂಗಾರ ನನ್ನ ಒಬ್ಬನ್ನ ಹಂಗ ನೋಡು. ಸುಮ್ ಸುಮ್ನ ಒಡಿಬ್ಯಾಡ,” ಎಂದು ಅವನು ನಕ್ಕಿದ್ದ.

ಗಣಿ ಕುಸಿದ ದಿನ ಬೆಳಿಗ್ಗೆ ಶಿವಲೀಲಾ ಅವನ ಬುತ್ತಿ ಕಟ್ಟುತ್ತ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕುತ್ತ, ತಲೆ ಎತ್ತದೆಯೇ ತಾನು ಬಸುರಿ ಎಂದು ಹೇಳಿದಳು. ಅಮರೇಶ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದವನು ಹಾಗೆಯೇ ಕೂತುಬಿಟ್ಟ. ಆಮೇಲೆ ಒಮ್ಮೆಲೇ ಎದ್ದು, “ಇವತ್ತ ಬಡಿಗ್ಯಾರ ಮೌನೇಶಪ್ಪಗ ತೊಟ್ಟಿಲಾ ಮಾಡಾಕ ಹೇಳಿಬಿಡ್ತೀನಿ,” ಎಂದ.

“ಕೂಸು ಹುಟ್ಟೂದಕ್ಕಿಂತ ಮೊದ್ಲ ಕುಲಾಯಿ ಹೊಲಿಸಿದ್ರಂತ! ಮೂರು ತಿಂಗಳು ತುಂಬಲಿ, ಅತ್ತಿಗೂ ಹೇಳಬ್ಯಾಡ್ರಿ,” ಎಂದಳು ಶಿವಲೀಲಾ.

“ಯಾರಿಗೂ ಹೇಳಂಗಿಲ್ಲ, ನಿನ್ನಾಣಿ,” ಎಂದು ಅವನು ಬುತ್ತಿ ಹಿಡಿದು ಹೊರಟ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಹೋದ. ಬಾವಿಕಟ್ಟೆಯ ಹತ್ತಿರ ಕಾಯುತ್ತ ನಿಂತಿದ್ದ ದುರುಗಪ್ಪ ಅವನ ಹೆಗಲ ಮೇಲೆ ಕೈ ಹಾಕಿದ್ದನ್ನು ಅವಳು ಬಾಗಿಲಿನಿಂದ ನೋಡಿದಳು.

ಮಧ್ಯಾಹ್ನ ನೆಲ ನಡುಗಿತು. ಗಾಳಿಮನೆಯ ಗಾಜಿನ ಲೋಟ ಮೇಜಿನಿಂದ ಜಾರಿ ಬಿತ್ತು. ಅರ್ಧ ತಾಸಿನಲ್ಲಿ ಕೆಳಗಿದ್ದವರೆಲ್ಲ ಮೈತುಂಬ ಧೂಳಿನೊಂದಿಗೆ ಮೇಲೆ ಬಂದರು, ಇಬ್ಬರನ್ನು ಬಿಟ್ಟು. ಅತಿ ಆಳದ ಸುರಂಗ ನಡುವೆ ಕುಸಿದು ಎರಡು ತುಂಡಾಗಿತ್ತು. ಮೂಡಣ ತುಂಡಿನಿಂದ ಬರುವ ಸಣ್ಣ ಗಾಳಿಕೊಳವೆಯಲ್ಲಿ ಅಮರೇಶನ ಗೆರೆಗಳು ಕಾಣಿಸಿದವು, ಪಡುವಣದ ಕೊಳವೆಯಲ್ಲಿ ದುರುಗಪ್ಪನವು.

ಗೆರೆ ಇದೆ ಎಂದರೆ ಜೀವ ಇದೆ ಎಂದಲ್ಲ. ಉಸಿರುಬಿಲ್ಲೆ ಹೆಣದ ಸೊಂಟದಲ್ಲೂ ಜಿನುಗುತ್ತದೆ. ಅಷ್ಟು ಆಳದಲ್ಲಿ ಬಂಡೆಯೇ ಮೈಯಷ್ಟು ಬೆಚ್ಚಗಿರುವುದರಿಂದ ಬಿಲ್ಲೆಗೆ ಬದುಕಿದವನ ಸೊಂಟವೂ ಒಂದೇ, ಸತ್ತವನ ಸೊಂಟವೂ ಒಂದೇ.

ಗಣಿಯ ಗಾಳಿ ನೋಡಿಕೊಳ್ಳುವ ಹಿರಿಯ ಎಂಜಿನಿಯರ್ ನಜೀರ್ ಸಾಹೇಬರು ನಕ್ಷೆ ಹರಡಿ ಕೂತರು. ಬಂಡೆ ಕೊರೆಯುವ ದೊಡ್ಡ ಯಂತ್ರ ಇರುವುದು ಒಂದೇ. ಇನ್ನೊಂದು ಬರುವಷ್ಟರಲ್ಲಿ ಒಳಗಿನವರ ಗಾಳಿ ಮುಗಿದಿರುತ್ತದೆ. ಪಡುವಣ ಕಡೆ ಜಾಗ ದೊಡ್ಡದು, ಮೇಲಿನಿಂದ ಒತ್ತಿ ಕಳಿಸುವ ಗಾಳಿಯ ಪೈಪೂ ಅಲ್ಲೇ ಹೋಗುತ್ತದೆ.

“ನೋಡಮ್ಮ,” ಎಂದರು ಅವರು, ಅವಳ ಮುಖ ನೋಡದೆ. “ಬದುಕಿದ್ರ ಪಡುವಲ ಕಡಿನ ಬದುಕಿರಬೇಕು. ಅತ್ತಾಗ ಕೊರಸ್ತೀನಿ. ನಿನಗ ಏನು ಹೇಳಬೇಕೋ ನನಗ ತಿಳಿವಲ್ದು.”

ಶಿವಲೀಲಾ ತಲೆಯಾಡಿಸಿದಳು. ಅವರು ಹೇಳಿದ್ದು ನ್ಯಾಯವಾಗಿತ್ತು, ಅವರ ಜಾಗದಲ್ಲಿ ಅವಳಿದ್ದರೂ ಅದನ್ನೇ ಹೇಳುತ್ತಿದ್ದಳು. ಸಾಹೇಬರು ಹೋದ ಮೇಲೆ ಅವಳು ಅಮರೇಶನ ಗೆರೆಗಳ ಮುಂದೆ ಕೂತಳು. ಎಪ್ಪತ್ತು ವೋಲ್ಟಿನಲ್ಲಿ ಅವನು ಚೂರು ಚೂರಾಗಿ ನಿಂತಿದ್ದ. ಅದನ್ನು ನೋಡಲು ಅವಳಿಗೆ ಆಗಲಿಲ್ಲ. ವಿಜ್ಞಾನಕ್ಕೂ ಅವಳು ಆಗ ಮಾಡಿದ್ದಕ್ಕೂ ಸಂಬಂಧವಿರಲಿಲ್ಲ, ಹೆಂಡತಿಯಾಗಿ ಮಾಡಿದಳು. ವೋಲ್ಟನ್ನು ಹದಿಮೂರಕ್ಕೆ ಇಳಿಸಿದಳು.

ಗೆರೆಗಳೆಲ್ಲ ಕುಸಿದು ಪರದೆ ಬರಿದಾಯಿತು. ಅವಳು ಕಾದಳು. ಬಹಳ ಹೊತ್ತಿನ ಮೇಲೆ ಬಲತುದಿಯಲ್ಲಿ ಇಡೀ ಅಣುವಿನ ಗೆರೆ ಮೆಲ್ಲಗೆ ಎದ್ದು ನಿಂತಿತು. ಅದನ್ನು ನೋಡಿ ಅವಳು ಅತ್ತಳು. ಕಣ್ಣೊರೆಸಿಕೊಂಡು ಮತ್ತೆ ನೋಡಿದಾಗ ಎಡಕ್ಕೆ, ತೂಕ ನೂರಹದಿನೆಂಟರಲ್ಲಿ, ಇನ್ನೊಂದು ಪುಟ್ಟ ಗೆರೆ ಇತ್ತು.

ಅದು ಅಲ್ಲಿ ಇರಬಾರದಿತ್ತು. ಅಮರೇಶನ ಅಣುವಿನಿಂದ ಬ್ರೋಮಿನ್ ಕಿತ್ತರೆ ಉಳಿಯುವ ಚೂರಿನ ತೂಕ ನೂರಹದಿನೇಳು. ಇದು ಒಂದು ಮನೆ ಬಲಕ್ಕಿದೆ. ಅಂದರೆ ಬ್ರೋಮಿನ್ ಹೋದ ಜಾಗದಲ್ಲಿ ಒಂದು ಹೈಡ್ರೋಜನ್ ಬಂದು ಕೂತಿದೆ. ದಿನನಿತ್ಯದ ಎಪ್ಪತ್ತು ವೋಲ್ಟಿನಲ್ಲಿ ಇದು ಚೂರುಗಳ ರಾಶಿಯಲ್ಲಿ ಮುಳುಗಿಹೋಗುತ್ತಿತ್ತು, ಕಸವೆಂದು ಯಂತ್ರವೇ ಅಳಿಸಿಹಾಕುತ್ತಿತ್ತು. ಅವಳು ಸಾಹೇಬರನ್ನು ಓಡುತ್ತ ಹೋಗಿ ಕರೆತಂದಳು.

“ಎಲೆಕ್ಟ್ರಾನಿಗೆ ಕಿತ್ತು ಒಗಿಯೂದಷ್ಟ ಗೊತ್ತ್ರಿ ಸರ್, ಕಿತ್ತ ಜಾಗಾ ತುಂಬೂದು ಗೊತ್ತಿಲ್ಲ. ಈ ಜಾತಿ ಅಣೂಂದು ಬ್ರೋಮಿನ್ ತಗದು ಅಲ್ಲಿ ಹೈಡ್ರೋಜನ್ ಕೂಡ್ಸೂದು ಲಿವರ್ ಕೆಲಸ. ಜೀವ ಇರೋ ಲಿವರ್. ಒಳಗಿರೋರು ತಮ್ಮ ಬಿಲ್ಲಿ ಗಾಳೀನ ಕುಡುದು ಉಸಿರು ಬಿಡಾಕತ್ಯಾರ.”

ನಜೀರ್ ಸಾಹೇಬರು ಸುಮ್ಮನೆ ಒಪ್ಪುವ ಆಸಾಮಿಯಲ್ಲ. ಉಗ್ರಾಣದಿಂದ ಅದೇ ಅನಿಲದ ಹೊಸ ಬಿಲ್ಲೆ ತರಿಸಿ ಯಂತ್ರಕ್ಕೆ ಹಾಕಿಸಿದರು. ನೂರಹದಿನೆಂಟರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಕಂಡಿತು. ಕೊಳವೆಯ ಗಾಳಿ ಹಾಕಿದಾಗ ಪುಟ್ಟ ಗೆರೆ ಮತ್ತೆ ಎದ್ದಿತು. ಅವರು ಕನ್ನಡಕ ತೆಗೆದು ಒರೆಸಿದರು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಇದು ದುರುಗಪ್ಪನ ಗೆರಿಯಾಗ ಕಂಡಿದ್ರ?”

“ಪಡುವಲ ಕಡಿ ಕೊರಸ್ರಿ ಅಂತಿದ್ನಿ.”

ಕೊರೆಯುವ ಯಂತ್ರವನ್ನು ಮೂಡಣಕ್ಕೆ ತಿರುಗಿಸಿದರು.

ಗಣಿಯಲ್ಲಿ ಸುದ್ದಿಗೆ ಕಾಲು ಬೇಡ. ಬೆಳಗಾಗುವುದರೊಳಗೆ ಗಾಳಿಮನೆಯ ಗೇಟಿಗೆ ದುರುಗಪ್ಪನ ಹೆಂಡತಿ ಹುಲಿಗೆಮ್ಮ ಬಂದು ನಿಂತಿದ್ದಳು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಶಿವಲೀಲಾ ಹೊಸ ಸೊಸೆಯಾಗಿ ಬಂದಾಗ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದವಳೇ ಅವಳು.

“ಮಿಷಿನ್ ನಿನ್ನ ಗಂಡನ ಕಡಿ ತಿರುಗಿತಂತಲ್ಲ,” ಎಂದಳು ಹುಲಿಗೆಮ್ಮ. “ಓದಿದಾಕಿ ನೀನು. ನಿನ್ನ ಗಂಡಗ ಒಂದು ಗೆರಿ ಹುಟ್ಟಿಸಿಕೊಂಡಿ. ನಾ ಓದಿದ್ರ ನಾನೂ ಹುಟ್ಟಿಸ್ತಿದ್ನಿ.”

“ಅಕ್ಕಾ, ಹಂಗಲ್ಲ—”

“ಹಂಗಲ್ಲಂದ್ರ ನನ್ನ ಗಂಡಂದೂ ನೋಡು. ಈಗ, ನನ್ನ ಮುಂದ ನೋಡು.”

ಹೊರಗಿನವರನ್ನು ಒಳಗೆ ಬಿಡಬಾರದೆಂಬ ನಿಯಮವಿತ್ತು. ಶಿವಲೀಲಾ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂರಿಸಿದಳು. ಪಡುವಣದ ಕೊಳವೆ ತೆರೆದು ವೋಲ್ಟ್ ಇಳಿಸಿದಳು. ಇಬ್ಬರೂ ಕಾದರು. ಎರಡು ಬ್ರೋಮಿನ್ನಿನ ಅಣು ಇಡಿಯಾಗಿ ಎದ್ದು ನಿಂತಿತು, ನಿಚ್ಚಳವಾಗಿ, ಎತ್ತರವಾಗಿ. ಜೀವದ ಗೆರೆ ಇರಬೇಕಾದ ಜಾಗ ಖಾಲಿ. ಶಿವಲೀಲಾ ತಂತಿಯ ಬಿಸಿ ಹೆಚ್ಚಿಸಿ ನೋಡಿದಳು, ಕೊಳವೆಯ ಗಾಳಿ ಹೊಸದಾಗಿ ಎಳೆದು ನೋಡಿದಳು. ಸಿಗಲಿ ಎಂದು ತನಗೆ ಗೊತ್ತಿದ್ದ ದೇವರು ದಿಂಡರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದಳು. ಸಿಗಲಿಲ್ಲ.

“ಏನಂತೈತಿ?” ಎಂದಳು ಹುಲಿಗೆಮ್ಮ.

ಸುಳ್ಳು ಹೇಳಬಹುದಿತ್ತು. ಆದರೆ ಆ ಗೆರೆಗಳ ಮುಂದೆ ಕೂತು ಸುಳ್ಳು ಹೇಳುವುದು ಶಿವಲೀಲಾಳಿಗೆ ಬರುತ್ತಿರಲಿಲ್ಲ.

“ಇಲ್ಲ ಅಕ್ಕಾ. ಉಸಿರಿಲ್ಲ. ನಿನ್ನೇನ ಹೋಗ್ಯಾನ.”

ಹುಲಿಗೆಮ್ಮ ಅಳಲಿಲ್ಲ. ಎದ್ದು ಹೊರಗೆ ನಡೆದಳು. ಗೇಟಿನ ಕಬ್ಬಿಣದ ಸರಳಿಗೆ ಎರಡೂ ಕೈಗಳನ್ನು ಎತ್ತಿ ಎತ್ತಿ ಬಡಿದಳು. ಬಳೆಚೂರು ನೆಲಕ್ಕೆ ಬಿತ್ತು, ಮುಂಗೈಯಿಂದ ರಕ್ತ ಇಳಿಯಿತು. ಯಾರೋ ಹೆಂಗಸರು ಅವಳನ್ನು ತಬ್ಬಿ ಹಿಡಿದುಕೊಂಡು ಹೋದರು.

ಶಿವಲೀಲಾ ಮನೆಗೆ ಬಂದರೆ ಅತ್ತೆ ಒಲೆಯ ಮುಂದೆ ಕೂತಿದ್ದಳು. ಮಗ ಬರುತ್ತಾನೆಂದು ಹೆಸರುಬೇಳೆ ನೆನೆಹಾಕಿದ್ದಳು. “ಬರೂ ಹೊತ್ತಿಗೆ ಹೊಟ್ಟಿ ಒಣಗಿರತೈತಿ, ಗಟ್ಟಿದು ತಿನ್ನಾಕ ಆಗಂಗಿಲ್ಲ,” ಎನ್ನುತ್ತ ಸೊಸೆಯ ಮುಖ ನೋಡಿದಳು. “ನೀನರ ಏನರ ಹೊಟ್ಟಿಗೆ ಹಾಕ್ಕೋ. ನಿನ್ನ ಮುಖದ ಕಳಿ ನೋಡಿದ್ರ ನನಗ ಗೊತ್ತಾಗಂಗಿಲ್ಲೇನು?” ಎಂದು ಒಂದು ಬೆಲ್ಲದ ಚೂರು ಅವಳ ಬಾಯಿಗೆ ಹಾಕಿದಳು. ಶಿವಲೀಲಾ ಬೆಲ್ಲ ಚೀಪಿದಳು. ಗೋಡೆಯಾಚೆ ಹುಲಿಗೆಮ್ಮನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅಮರೇಶ ಬರುತ್ತಾನೆಂಬ ಸಂತೋಷ ಗಂಟಲಿನವರೆಗೆ ಬರುತ್ತಿತ್ತು, ಅದರ ಹಿಂದೆಯೇ ನಾಚಿಕೆಯೂ ಬರುತ್ತಿತ್ತು. ಸತ್ತದ್ದು ಪಕ್ಕದ ಮನೆಯವನು, ತನ್ನವನಲ್ಲ ಎಂದು ಒಳಗೆಲ್ಲೋ ಯಾರೋ ಕುಣಿಯುತ್ತಿದ್ದರು. ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಕೊರೆತ ನಡೆದಷ್ಟೂ ಹೊತ್ತು ಅವಳು ಪುಟ್ಟ ಗೆರೆಯ ಕಾವಲಿಗೆ ಕೂತಳು. ಅದು ಒಮ್ಮೆ ತಗ್ಗುತ್ತಿತ್ತು, ಮತ್ತೆ ಚೇತರಿಸಿಕೊಳ್ಳುತ್ತಿತ್ತು. “ಉಸಿರು ಬಿಡ್ರಿ,” ಎಂದು ಅವಳು ಪರದೆಗೆ ಹೇಳುತ್ತಿದ್ದಳು. “ಇನ್ನೊಂದು ಸಲ. ಬಂದ್ವಿ, ಇನ್ನೇನು ಬಂದ್ವಿ.” ಹೊಟ್ಟೆಯಲ್ಲಿರುವುದಕ್ಕೂ ಅಪ್ಪನ ಗೆರೆ ತೋರಿಸುತ್ತಿದ್ದಳು.

ಮರುದಿನ ಮಧ್ಯಾಹ್ನ ಕೊರೆದ ತೂತು ಮೂಡಣ ಸುರಂಗಕ್ಕೆ ಸೇರಿತು. ಒಳಗಿನಿಂದ ಯಾರೋ ಕಲ್ಲಿನಿಂದ ಕುಟ್ಟಿದರಂತೆ. ಊರಿಗೆ ಊರೇ ಗಣಿಯ ಬಾಯಿಗೆ ಬಂದು ನಿಂತಿತು. ತೊಟ್ಟಿಲು ಮೇಲೆ ಬಂತು. ಗಣಿಯಲ್ಲಿ ಜನ ಇಳಿದೇರುವ ಪಂಜರಕ್ಕೂ ಅಲ್ಲಿನವರು ತೊಟ್ಟಿಲೆಂದೇ ಹೇಳುತ್ತಾರೆ. ಸ್ಟ್ರೆಚರಿನ ಮೇಲೆ ಒಬ್ಬ ಮಲಗಿದ್ದ, ಬೆಳಕು ಕುಕ್ಕದಿರಲೆಂದು ಕಣ್ಣಿನ ಮೇಲೆ ಬಟ್ಟೆ ಕಟ್ಟಿದ್ದರು, ಮುಖವೆಲ್ಲ ಕರಿ ಧೂಳು. ಬೆಲ್ಟಿನ ಬಿಲ್ಲೆಯ ಹತ್ತಿರ ಸಣ್ಣ ಯಂತ್ರ ಹಿಡಿದವನು “ಅಮರೇಶ!” ಎಂದು ಕೂಗಿದ. ಜನ ಹೋ ಎಂದರು. ಅತ್ತೆ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

ಶಿವಲೀಲಾ ಓಡಿ ಹೋಗಿ ಅವನ ಕೈ ಹಿಡಿದಳು. ಆ ಕೈಗೆ ಕಿರುಬೆರಳಿನ ತುದಿ ಇರಲಿಲ್ಲ.

ಎಷ್ಟೋ ವರ್ಷದ ಹಿಂದೆ ಮದ್ದು ಸಿಡಿದು ಬೆರಳು ಕಳೆದುಕೊಂಡವನು ಯಾರೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ಬಿಡಲಿಲ್ಲ. ಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಹಿಡಿದೇ ನಿಂತಳು.

“ಯಾರು, ತಂಗೆವ್ವನಾ?” ಎಂದ ದುರುಗಪ್ಪ, ಒಣಗಿದ ದನಿಯಲ್ಲಿ. “ಅಮರೇಶ ಎಲ್ಲಿ? ಅವ ಪಡುವಲ ಕಡಿ ಹೋಗಿದ್ದ.”

“ಅವರ ಬಿಲ್ಲಿ ನಿನ್ನ ಹತ್ರ ಹ್ಯಾಂಗ ಬಂತು ಅಣ್ಣಾ?”

“ಬಿಲ್ಲಿ ಅವನಽ ಬದಲು ಮಾಡಿದ. ಬಸುರಿ ಹೆಂಡ್ತಿ ಇರಾವ ತನ್ನ ಹೆಸರ್ಲೆ ಭೂಮಿಯೊಳಗ ಇಳಿಬಾರದು, ಭೂಮಿತಾಯಿ ಕಣ್ಣು ಕೂಸಿನ ಮ್ಯಾಲ ಬೀಳ್ತೈತಿ ಅಂತ ಹಿಂದಿನಿಂದ ಐತೆಲ್ಲ. ಹಿತ್ತಾಳಿ ಬಿಲ್ಲಿ ಇದ್ದಾಗ ನಮ್ಮಪ್ಪನೂ ಮಾಡಿದ್ದ. ನೀ ಯಾರಿಗೂ ಹೇಳಬ್ಯಾಡ ಅಂದಿದ್ದಿ ಅನಸ್ತೈತಿ. ಅದಕ್ಕ ನನಗೂ ಬಾಯಿ ಬಿಟ್ಟು ಹೇಳ್ಲಿಲ್ಲ. ಬೆಲ್ಟ್ ಬಿಚ್ಚಿ ಕೊಟ್ಟು ನಕ್ಕ. ನನಗ ತಿಳೀತು.”

ಹಿಂದಿನಿಂದ ಹುಲಿಗೆಮ್ಮ ಚೀರಿಕೊಂಡು ಬಂದು ಗಂಡನ ಎದೆಯ ಮೇಲೆ ಬಿದ್ದಳು. ಶಿವಲೀಲಾ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಉಸಿರಿಲ್ಲ, ನಿನ್ನೆಯೇ ಹೋಗಿದ್ದಾನೆ ಎಂದು ತಾನು ಕುರ್ಚಿಯ ಪಕ್ಕದಲ್ಲಿ ನಿಂತು ಹೇಳಿದ ಮಾತು ಆಗ ಅವಳ ಕಿವಿಗೆ ಕೇಳಿಸಿತು. ಅದನ್ನು ಅವಳು ಹೇಳಿದ್ದು ತನಗೇ. ಖಾಲಿ ಜಾಗವನ್ನು ಎರಡೆರಡು ಸಲ ನೋಡಿ ಖಚಿತ ಮಾಡಿಕೊಂಡದ್ದು ಗಂಡನ ಸಾವನ್ನು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಅವಳಿಗೆ ನೆನಪಾಯಿತು, ಗಾದೆಗೆ ತಾನೇ ಸಿಕ್ಕಿಬಿದ್ದೆನಲ್ಲ ಎಂದು ನಗು ಬಂದಂತಾಯಿತು, ಆಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತಳು.

ಪಡುವಣ ಕಡೆ ಕೊರೆಯಲು ಹೋದಾಗ ಬಂಡೆ ಮತ್ತೆ ಜರುಗಿತು. ಇನ್ನಷ್ಟು ಜನರನ್ನು ಕಳೆದುಕೊಳ್ಳುವುದು ಬೇಡವೆಂದು ಆ ಸುರಂಗವನ್ನು ಹಾಗೆಯೇ ಬಿಟ್ಟರು. ಅಮರೇಶ ಅಲ್ಲೇ ಉಳಿದ.

ಶಿವಲೀಲಾಳ ಬಳೆ ತೆಗೆಸಲು ಹಿರಿಯ ಹೆಂಗಸರು ಬಂದು ಕೂತ ದಿನ ಹುಲಿಗೆಮ್ಮ ಬಾಗಿಲಲ್ಲೇ ನಿಂತಳು. ಗಂಡ ಬಂದು ಎಷ್ಟು ದಿನವಾದರೂ ಅವಳ ಕೈ ಬೋಳಾಗಿಯೇ ಇತ್ತು. ಗೀರಿದ ಗಾಯ ಇನ್ನೂ ಒಣಗಿರಲಿಲ್ಲ. ಒಬ್ಬ ಅಜ್ಜಿ ಒರಳುಗುಂಡು ಹತ್ತಿರಕ್ಕೆ ಎಳೆದುಕೊಂಡಳು.

“ಒಡಿಬ್ಯಾಡ್ರಿ,” ಎಂದಳು ಶಿವಲೀಲಾ. “ನನಗ ಒಡೆದದ್ದು ನೋಡಿ ನೋಡಿ ಸಾಕಾಗೈತಿ.”

ಅವಳು ಬಚ್ಚಲಿಗೆ ಹೋಗಿ ಕೈಗೆ ಸಾಬೂನು ಹಚ್ಚಿಕೊಂಡು ಹಸಿರು ಬಳೆಗಳನ್ನು ಒಂದೊಂದಾಗಿ ಇಡಿಯಾಗಿಯೇ ಕಳಚಿದಳು. ತೊಳೆದು, ಸೆರಗಿನಲ್ಲಿ ಒರೆಸಿ, ಬಾಗಿಲಿಗೆ ಬಂದು ಹುಲಿಗೆಮ್ಮನ ಕೈ ಹಿಡಿದಳು. “ಯವ್ವಾ ಬ್ಯಾಡ, ನಾ ನಿನಗ ಏನೇನೋ ಅಂದೀನಿ,” ಎಂದು ಹುಲಿಗೆಮ್ಮ ಕೈ ಹಿಂದಕ್ಕೆಳೆದಳು. ಶಿವಲೀಲಾ ಬಿಡಲಿಲ್ಲ. ಹಾಗೆ ತೆಗೆದ ಬಳೆಯನ್ನು ಮುತ್ತೈದೆಗೆ ಹಾಕಬಾರದೆಂದು ಅಜ್ಜಿ ಗೊಣಗಿದಳು. ಅತ್ತೆ ಮೂಲೆಯಿಂದ, “ಹಾಕಲಿ ಬಿಡು. ಆಕಿ ಗಂಡ ನನ್ನ ಮಗನ ಹೆಸರ್ಲೆ ಬದುಕ್ಯಾನ,” ಎಂದಳು. ಶಿವಲೀಲಾ ಬಳೆಗಳನ್ನು ಒಂದೊಂದಾಗಿ ಹುಲಿಗೆಮ್ಮನ ಕೈಗೆ ಏರಿಸಿದಳು.

ಶಿವಲೀಲಾ ಮತ್ತೆ ಕೆಲಸಕ್ಕೆ ಹೋದ ಮೊದಲ ವಾರ ದುರುಗಪ್ಪ ಕೋಲೂರಿಕೊಂಡು ಗಾಳಿಮನೆಗೆ ಬಂದ. ಏನೋ ಹೇಳಬೇಕೆಂದು ಬಂದವನು ಬಾಗಿಲಲ್ಲೇ ನಿಂತ. ಬಾಗಿಲ ಗಾಳಿ ನೋಡುವ ಯಂತ್ರ ಟಿಂಗ್ ಎಂದಿತು. ಪರದೆಯ ಮೇಲೆ ಅಕ್ಷರ ಮೂಡಿತು: ಅಮರೇಶ, ಮೇಲೆ ಬಂದಿದ್ದಾರೆ.

ಕೆಳಗೆ ಸಿಕ್ಕಿಬಿದ್ದಾಗ ಉಸಿರಾಡಿ ಮೈಯ ಕೊಬ್ಬಿನಲ್ಲಿ ಕೂತ ಅನಿಲ ಬಿಟ್ಟುಹೋಗಲು ಕೆಲವು ವಾರ ಬೇಕು. ಅದು ಶ್ವಾಸದಲ್ಲಿ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಅವಳಿಗೆ ಎಲ್ಲ ಗೊತ್ತಿತ್ತು. ಆದರೂ ಎದ್ದು ನಿಂತುಬಿಟ್ಟಳು. ದುರುಗಪ್ಪ ಪರದೆ ಓದಿದ. ಅಲ್ಲೇ ಬಾಗಿಲಿಗೆ ಒರಗಿ ಗೋಳೋ ಎಂದು ಅತ್ತ.

“ಹೋಗಬ್ಯಾಡ ಅಣ್ಣಾ,” ಎಂದಳು ಅವಳು. “ಇನ್ನೊಂದಿಷ್ಟು ಹೊತ್ತು ಇಲ್ಲೇ ಕುಂದರು.”

ವಾರಗಳು ಕಳೆದಂತೆ ಆ ಬಾಗಿಲು ಅವನನ್ನು ಗುರುತಿಸುವುದನ್ನು ಬಿಟ್ಟಿತು. ದುರುಗಪ್ಪನಿಗೆ ಹೊಸ ಅನಿಲದ ಬಿಲ್ಲೆ ಕೊಟ್ಟರು. ಪಡುವಣದ ಕೊಳವೆಯಲ್ಲಿ ಎರಡು ಬ್ರೋಮಿನ್ನಿನ ಅಣು ಮಾತ್ರ ಈಗಲೂ ಬರುತ್ತಿದೆ, ಇನ್ನೂ ಎಷ್ಟೋ ವರ್ಷ ಬರುತ್ತದೆ. ಆ ಕೊಳವೆ ಮುಚ್ಚಿಬಿಡೋಣವೇ ಎಂದು ನಜೀರ್ ಸಾಹೇಬರು ಒಮ್ಮೆ ಕೇಳಿದರು. ಅವಳು ಬೇಡವೆಂದಳು, ಅವರು ಮತ್ತೆ ಕೇಳಲಿಲ್ಲ.

ಪ್ರತಿದಿನ ಪಾಳಿ ಮುಗಿಯುವ ಹೊತ್ತಿಗೆ ಶಿವಲೀಲಾ ಎಲ್ಲರ ಗೆರೆಗಳನ್ನೂ ಎಪ್ಪತ್ತು ವೋಲ್ಟಿನಲ್ಲಿ ಒಡೆದು, ಎಲ್ಲರೂ ಮೇಲೆ ಬಂದರೆಂದು ಖಚಿತಪಡಿಸಿಕೊಳ್ಳುತ್ತಾಳೆ. ಆಮೇಲೆ ಪಡುವಣದ ಕೊಳವೆ ತೆರೆಯುತ್ತಾಳೆ. ಈಗೀಗ ಹೊಟ್ಟೆ ಮೇಜಿಗೆ ತಾಗುತ್ತದೆ, ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ವೋಲ್ಟನ್ನು ಹದಿಮೂರಕ್ಕೆ ಇಳಿಸಿ ಕಾಯುತ್ತಾಳೆ. ಅವನೊಬ್ಬನನ್ನು ಮಾತ್ರ ಅವಳು ಒಡೆಯದೆ ನೋಡುತ್ತಾಳೆ. ಗೆರೆ ಇಡಿಯಾಗಿ ಎದ್ದು ನಿಂತ ಮೇಲೂ, ಜೀವದ ಗೆರೆ ಇರಬೇಕಾದ ಜಾಗದತ್ತ ಒಂದು ಸಲ ಕಣ್ಣು ಹಾಯಿಸಿಯೇ ಯಂತ್ರ ಆರಿಸುತ್ತಾಳೆ.